‘ಮಿಕೋ’ ಎಂದರೆ ಯಾರು? ಒಂದು ಜಪಾನಿ ಪದದ ಅರ್ಥವಿಚಾರ

ಹತ್ತನೆಯ ಶತಮಾನದ ಜಪಾನಿನಲ್ಲಿ ಫುಜಿವಾರ ನೊ ಕನೆಇಯೆ ಎಂಬವನು ರಾಜಪ್ರತಿನಿಧಿಯ ಪದವಿಯವರೆಗೆ ಏರಿದ ಪ್ರಬಲ ಪುರುಷ. ಆ ಕಾಲದ ಅರಮನೆಯ ವೃತ್ತಾಂತಗಳನ್ನು ಹೇಳುವ ‘ಓಕಾಗಾಮಿ’ ಎಂಬ ಐತಿಹಾಸಿಕ ಕಥನದಲ್ಲಿ ಅವನಿಗೆ ಸಂಬಂಧಿಸಿದ ಒಂದು ಪ್ರಸಂಗವಿದೆ. ಕಾಮೊ ಕ್ಷೇತ್ರದ ದೇವತೆ ಮೈಮೇಲೆ ಬರುತ್ತಿದ್ದ ಹೆಂಗಸೊಬ್ಬಳು ಆಗ ರಾಜಧಾನಿಯಲ್ಲಿದ್ದಳು. ಮಲಗಿಕೊಂಡೇ ಕಾರಣಿಕ ನುಡಿಯುತ್ತಿದ್ದುದರಿಂದ ಜನರು ಅವಳನ್ನು ‘ಉಚಿಫುಶಿ ನೊ ಮಿಕೋ’, ಅಂದರೆ ‘ಮಲಗಿ ನುಡಿಯುವ ಮಿಕೋ’ ಎಂದು ಕರೆಯುತ್ತಿದ್ದರು. ಕನೆಇಯೆ ಅವಳನ್ನು ಕರೆಸಿ ಪ್ರಶ್ನೆ ಕೇಳಿದನು. ನುಡಿದುದೆಲ್ಲ ನಿಜವಾಗುತ್ತ ಬಂದಂತೆ ಅವನ ಶ್ರದ್ಧೆಯೂ ಬೆಳೆಯಿತು. ಕೊನೆಕೊನೆಗೆ ಅವನು ಆಸ್ಥಾನದ ಉಡುಪು ಧರಿಸಿ, ತಲೆಗೆ ಟೊಪ್ಪಿಗೆಯಿಟ್ಟು, ಅವಳ ತಲೆಯನ್ನು ತನ್ನ ತೊಡೆಯ ಮೇಲೆ ಇರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದನಂತೆ. ದೊರೆಯ ಮುಂದೆ ನಿಲ್ಲುವಾಗ ತೊಡುವ ಉಡುಪನ್ನು ಅವನು ಈ ಹೆಂಗಸಿನ ಮುಂದೆ ತೊಟ್ಟನೆಂಬುದು ಗಮನಾರ್ಹ. ಅವಳ ಬಾಯಿಂದ ಬರುತ್ತಿದ್ದುದು ದೇವರ ಮಾತು ಎಂಬ ನಂಬಿಕೆ ಅಲ್ಲಿತ್ತು.

ಇದೇ ‘ಮಿಕೋ’ ಎಂಬ ಪದವನ್ನು ಇಂದು ಇಂಗ್ಲಿಷಿನಲ್ಲಿ ‘ಶ್ರೈನ್ ಮೇಡನ್’ ಎಂದು ಅನುವಾದಿಸುವುದು ವಾಡಿಕೆ. ಜಪಾನಿ ಸಾಹಿತ್ಯವನ್ನು ಇಂಗ್ಲಿಷಿನ ಮೂಲಕವೇ ಓದುವ ಕನ್ನಡ ವಿದ್ಯಾರ್ಥಿಗೆ ಅದು ‘ದೇಗುಲ ಕನ್ಯೆ’ ಎಂದಾಗಿ ದೊರೆಯುತ್ತದೆ. ಬಿಳಿಯ ಮೇಲುಡುಪು, ಕೆಂಪು ಹಕಾಮಾ, ಕೈಯಲ್ಲಿ ಗೆಜ್ಜೆಗೊಂಚಲು, ನತವಾದ ದೃಷ್ಟಿ ಇವಷ್ಟೂ ಆ ಪದದ ಹಿಂದೆಯೇ ಕಣ್ಣ ಮುಂದೆ ಬರುತ್ತವೆ. ಆದರೆ ಕನೆಇಯೆಯ ತೊಡೆಯ ಮೇಲೆ ತಲೆಯಿಟ್ಟು ನುಡಿದವಳನ್ನು ‘ದೇಗುಲ ಕನ್ಯೆ’ ಎಂದೊಡನೆ ಆ ಪ್ರಸಂಗದ ಅರ್ಥವೇ ಕೆಡುತ್ತದೆ. ಅವಳ ವಯಸ್ಸು, ಕನ್ಯತ್ವ, ದೇಗುಲದ ಚಾಕರಿ ಯಾವುದೂ ಅಲ್ಲಿ ಮುಖ್ಯವಲ್ಲ. ಮುಖ್ಯವಾದುದು ಅವಳ ನುಡಿ. ಪದದ ಮೂಲವನ್ನೂ ಅದರ ಇತಿಹಾಸವನ್ನೂ ಪರಿಶೀಲಿಸಿದರೆ, ‘ಕನ್ಯೆ’ ಎಂಬ ಅರ್ಥ ಈ ಪದಕ್ಕೆ ಹುಟ್ಟಿನಿಂದ ಬಂದುದಲ್ಲವೆಂದೂ, ಇಂದಿನ ಮೌನಚಿತ್ರ ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಸರಕಾರಿ ಆಜ್ಞೆಗಳ ಫಲವೆಂದೂ ತಿಳಿಯುತ್ತದೆ.

ಮೊದಲು ಶಬ್ದದ ನಿಷ್ಪತ್ತಿ. ‘ಮಿಕೋ’ ಎಂಬುದರಲ್ಲಿ ‘ಮಿ’ ಮತ್ತು ‘ಕೋ’ ಎಂಬ ಎರಡು ಅಂಗಗಳಿವೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ. ‘ಮಿ’ ಗೌರವಸೂಚಕವಾದ ಪೂರ್ವಪ್ರತ್ಯಯ. ದೇಗುಲ ಅಥವಾ ಅರಮನೆಯನ್ನು ಹೇಳುವ ‘ಮಿಯ’ದಲ್ಲಿ ‘ಯ’ ಎಂದರೆ ಮನೆ; ‘ಮಿ’ ಸೇರಿದಾಗ ಅದು ಪೂಜ್ಯವಾದ ಮನೆ. ಚಕ್ರವರ್ತಿಯನ್ನು ಸೂಚಿಸುವ ‘ಮಿಕಾದೊ’ ಪದಕ್ಕೆ ಮೂಲದಲ್ಲಿ ‘ಪೂಜ್ಯವಾದ ಬಾಗಿಲು’ ಎಂದರ್ಥ. ದೇವರನ್ನು ಹೊತ್ತು ಮೆರೆಸುವ ಪಲ್ಲಕ್ಕಿಗೆ ‘ಮಿಕೋಶಿ’ ಎನ್ನುತ್ತಾರೆ. ‘ಕೋ’ ಎಂದರೆ ಮಗು. ಹಾಗಾಗಿ ‘ಮಿಕೋ’ ಎಂದರೆ ಪೂಜ್ಯವಾದ ಮಗು, ಘನವಾದ ಕೂಸು. ‘ಕಾಮಿ’, ಅಂದರೆ ದೇವರು, ಎಂಬ ಪದದೊಡನೆ ‘ಕೋ’ ಸೇರಿ ‘ದೇವರ ಮಗು’ ಎಂಬ ಸಮಾಸವಾಗಿ, ಅದು ಸವೆದು ‘ಮಿಕೋ’ ಆಯಿತೆಂಬ ಇನ್ನೊಂದು ಅಭಿಪ್ರಾಯವೂ ಇದೆ. ಯಾವುದನ್ನು ಒಪ್ಪಿದರೂ ಪದವು ಹೇಳುವುದು ಒಂದು ಸಂಬಂಧವನ್ನು. ಯಾರದೋ ಮಗು, ಅದೂ ಪೂಜ್ಯರ ಮಗು ಎಂಬುದನ್ನು. ಹೆಣ್ಣು ಎಂಬ ಸೂಚನೆಯೂ ಇದರಲ್ಲಿಲ್ಲ. ಕನ್ಯೆ ಎಂಬ ಮಾತಂತೂ ದೂರ.

ಇದಕ್ಕೆ ಇನ್ನೊಂದು ಆಧಾರವಿದೆ. ಪ್ರಾಚೀನ ಜಪಾನಿಯಲ್ಲಿ ಚಕ್ರವರ್ತಿಯ ಮಕ್ಕಳಿಗೂ ‘ಮಿಕೋ’ ಎಂದೇ ಹೆಸರು. ರಾಜಕುಮಾರ, ರಾಜಕುಮಾರಿ ಎಂಬುದಕ್ಕೆ ಬೇರೆ ಬೇರೆ ಲಿಪಿಚಿಹ್ನೆಗಳನ್ನು ಬರೆದರೂ ಓದುವಾಗ ‘ಮಿಕೋ’ ಎಂದು ಓದುವುದುಂಟು. ಇಸೆ ಮಹಾಕ್ಷೇತ್ರದಲ್ಲಿ ಚಕ್ರವರ್ತಿಯ ಪರವಾಗಿ ದೇವತೆಯನ್ನು ಸೇವಿಸಲು ಅವಿವಾಹಿತ ರಾಜಕುಮಾರಿಯೊಬ್ಬಳನ್ನು ಕಳುಹಿಸುವ ಪದ್ಧತಿ ಹದಿನಾಲ್ಕನೆಯ ಶತಮಾನದವರೆಗೆ ಇತ್ತು. ಅವಳಿಗೆ ‘ಇತ್ಸುಕಿ ನೊ ಮಿಕೋ’ ಎಂದು ಹೆಸರು. ಇಲ್ಲಿ ‘ಮಿಕೋ’ ಎಂದರೆ ರಾಜಸಂತಾನ. ವ್ರತಶುದ್ಧಿಯ ಅರ್ಥವನ್ನು ಹೊತ್ತುದು ‘ಇತ್ಸುಕಿ’ ಎಂಬ ವಿಶೇಷಣ. ಎರಡು ಪದಗಳ ಕೆಲಸವನ್ನು ಒಂದಕ್ಕೆ ಹೊರಿಸಿದಾಗ ‘ಮಿಕೋ ಎಂದರೆ ಪವಿತ್ರ ಕನ್ಯೆ’ ಎಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ.

ಎರಡನೆಯದು ಲಿಪಿಯ ವಿಚಾರ. ಇಂದು ‘ಮಿಕೋ’ ಪದವನ್ನು ಸಾಮಾನ್ಯವಾಗಿ ಎರಡು ಚೀನೀ ಚಿಹ್ನೆಗಳಿಂದ ಬರೆಯುತ್ತಾರೆ. ಮೊದಲನೆಯದನ್ನು ಚೀನೀಯರು ‘ವು’ ಎಂದು ಓದುತ್ತಾರೆ. ಎರಡನೆಯದು ‘ಹೆಣ್ಣು’ ಎಂಬುದರ ಚಿಹ್ನೆ. ‘ವು’ ಎಂಬುದರಲ್ಲಿ ಮೇಲೊಂದು ಕೆಳಗೊಂದು ಅಡ್ಡಗೆರೆ, ನಡುವೆ ಕಂಬದಂತಹ ಗೆರೆ, ಅದರ ಇಕ್ಕೆಲಗಳಲ್ಲಿ ‘ಮನುಷ್ಯ’ ಎಂಬ ಚಿಹ್ನೆ ಇವೆ. ಕ್ರಿ.ಶ. ೧೦೦ರ ಸುಮಾರಿನಲ್ಲಿ ‘ಶುವೊವೆನ್ ಜಿಯೆಜಿ’ ಎಂಬ ನಿಘಂಟನ್ನು ರಚಿಸಿದ ಶು ಶೆನ್, ನಿರಾಕಾರವನ್ನು ಸೇವಿಸಬಲ್ಲ, ಕುಣಿತದಿಂದ ದೇವತೆಯನ್ನು ಕೆಳಗಿಳಿಸಬಲ್ಲ ಹೆಂಗಸೇ ‘ವು’ ಎಂದು ವಿವರಿಸಿದನು. ಉದ್ದನೆಯ ಎರಡು ತೋಳಿನ ಅಂಗಿ ತೊಟ್ಟು ಕುಣಿಯುವವರ ಆಕಾರವನ್ನು ಅವನು ಆ ಚಿಹ್ನೆಯಲ್ಲಿ ಕಂಡನು. ಆದರೆ ಅವನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ, ಎಲುಬುಗಳ ಮೇಲೆ ಕೆತ್ತಿದ ಶಾಸನಗಳಲ್ಲಿ ಇದರ ರೂಪವೇ ಬೇರೆ. ಅಲ್ಲಿ ಕಾಣುವುದು ತುದಿಗಳಲ್ಲಿ ಗೆರೆಯೆಳೆದ ಶಿಲುಬೆಯಂತಹ ಆಕಾರ. ಆದುದರಿಂದ ಅಂಗಿಯ ತೋಳುಗಳ ಕಥೆ ಚಿಹ್ನೆಯ ಹುಟ್ಟನ್ನು ಹೇಳುವುದಿಲ್ಲ. ಶು ಶೆನ್‌ನ ಕಾಲದ ಜನರು ‘ವು’ ಎಂದರೆ ಏನೆಂದು ಭಾವಿಸಿದ್ದರು ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಅಷ್ಟು ಸಾಕ್ಷಿಯೂ ಉಪಯುಕ್ತವೇ. ಜಪಾನೀಯರು ತಮ್ಮ ‘ಮಿಕೋ’ ಪದವನ್ನು ಬರೆಯಲು ಸೇವಕಿ, ಕುಮಾರಿ ಮೊದಲಾದ ಅರ್ಥದ ಚಿಹ್ನೆಗಳನ್ನು ಬಿಟ್ಟು ಇದನ್ನು ಆರಿಸಿಕೊಂಡರು. ಕೊರಿಯಾದಲ್ಲಿ ಇಂದಿಗೂ ಕುಣಿದು ದೇವತೆಗಳನ್ನು ಬರಮಾಡಿಕೊಳ್ಳುವ ‘ಮುದಾಂಗ್’ ಎಂಬ ಹೆಸರನ್ನು ಬರೆಯಲು ಬಳಸುವುದೂ ಈ ಚಿಹ್ನೆಯನ್ನೇ.

ಇದೇ ಚಿಹ್ನೆಗೆ ಜಪಾನಿಯಲ್ಲಿ ‘ಕಾಮುನಾಕಿ’ ಎಂಬ ಇನ್ನೊಂದು ದೇಶೀ ಓದೂ ಇತ್ತು. ದೇವರನ್ನು ಶಾಂತಗೊಳಿಸುವವರು ಎಂಬುದು ಅದಕ್ಕೆ ಹೇಳುವ ಒಂದು ನಿಷ್ಪತ್ತಿ. ಮುಂದೆ ಅದು ‘ಕನ್ನಗಿ’ ಎಂದಾಯಿತು. ಹತ್ತನೆಯ ಶತಮಾನದ ‘ವಾಮ್ಯೋ ರುಯಿಜುಶೋ’ ನಿಘಂಟು ಹೆಣ್ಣಿಗೆ ‘ಕಾಮುನಾಕಿ’ ಎಂಬ ಪದವನ್ನು ಕೊಟ್ಟು, ಗಂಡಿಗೆ ‘ಗಂಡು’ ಎಂಬ ವಿಶೇಷಣ ಸೇರಿಸಿ ‘ಓನೊಕೊ ಕಾಮುನಾಕಿ’ ಎನ್ನುತ್ತದೆ. ವಿಶೇಷಣ ಗಂಡಿಗೆ ಬೇಕಾಯಿತು, ಹೆಣ್ಣಿಗೆ ಬೇಕಾಗಲಿಲ್ಲ. ಈ ವೃತ್ತಿಯಲ್ಲಿ ಹೆಂಗಸೇ ಸಹಜವೆಂದು ಆ ಕಾಲ ತಿಳಿದಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಭಾಷಿಕ ಸಾಕ್ಷ್ಯ ಬೇಕಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪದದ ಮೂಲವನ್ನು ಅರಸುವವರು ಬಹುಬೇಗ ಹಿಮಿಕೋ ರಾಣಿಯ ಕಡೆಗೆ ಓಡುತ್ತಾರೆ. ಮೂರನೆಯ ಶತಮಾನದಲ್ಲಿ ಚೆನ್ ಶೌ ಬರೆದ ಚೀನೀ ಚರಿತ್ರೆಯಲ್ಲಿ ಯಾಮತಾಯಿ ಎಂಬ ರಾಜ್ಯವನ್ನಾಳಿದ ಈ ರಾಣಿಯ ಉಲ್ಲೇಖವಿದೆ. ಅವಳು ಭೂತವಿದ್ಯೆಯಿಂದ ಜನರನ್ನು ವಶದಲ್ಲಿಟ್ಟುಕೊಂಡಿದ್ದಳು, ಮದುವೆಯಾಗಿರಲಿಲ್ಲ, ರಾಜ್ಯಭಾರಕ್ಕೆ ತಮ್ಮನೊಬ್ಬ ನೆರವಾಗುತ್ತಿದ್ದನು ಎಂದು ಅದು ಹೇಳುತ್ತದೆ. ‘ಹಿಮಿಕೋ’ ಎಂದರೆ ‘ಸೂರ್ಯನ ಮಿಕೋ’ ಎಂದು ವಿವರಿಸುವ ಆಸೆ ಸಹಜವೇ. ಆದರೆ ಚೀನೀ ಲಿಪಿಕಾರರು ಕಿವಿಗೆ ಬಿದ್ದ ಉಚ್ಚಾರಣೆಯನ್ನು ತಮ್ಮ ಚಿಹ್ನೆಗಳಲ್ಲಿ ಹಿಡಿದಿಟ್ಟರೇ ವಿನಾ ಅರ್ಥವನ್ನು ಬರೆದಿಡಲಿಲ್ಲ. ಹಾಗೆಯೇ ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಗುನ್ಮ ಪ್ರಾಂತದ, ಆರನೆಯ ಶತಮಾನದ ಒಂದು ಮಣ್ಣಿನ ಪ್ರತಿಮೆಯಿದೆ. ಮಣಿಸರಗಳನ್ನು ತೊಟ್ಟು ಪೀಠದ ಮೇಲೆ ಕುಳಿತ ಆ ಹೆಂಗಸನ್ನು ‘ಕುಳಿತ ಮಿಕೋ’ ಎಂದು ಕರೆಯಲಾಗಿದೆ. ಆ ಹೆಸರು ಆಧುನಿಕ ವಿದ್ವಾಂಸರು ಇಟ್ಟುದು. ಪ್ರತಿಮೆಯ ಮೇಲೆ ಯಾವ ಬರಹವೂ ಇಲ್ಲ. ಇಂತಹ ಊಹೆಗಳನ್ನು ಆಧಾರಗಳೆಂದು ತಿಳಿದು ಅವುಗಳ ಮೇಲೆ ಕಟ್ಟಡ ಕಟ್ಟುವುದು ಸಂಶೋಧಕರಿಗೆ ತಕ್ಕುದಲ್ಲ.

ಊಹೆಯ ನೆರವಿಲ್ಲದೆಯೇ ಗ್ರಂಥಗಳು ಸಾಕಷ್ಟು ಹೇಳುತ್ತವೆ. ೭೧೨ರ ‘ಕೊಜಿಕಿ’ಯಲ್ಲಿ ಸೂರ್ಯದೇವತೆ ಗುಹೆಯಲ್ಲಿ ಅಡಗಿದಾಗ ಅಮೆ ನೊ ಉಜುಮೆ ಎಂಬ ದೇವತೆ ಬೋರಲು ಹಾಕಿದ ಬಾನಿಯ ಮೇಲೆ ಕಾಲು ಬಡಿಯುತ್ತ ಕುಣಿಯುತ್ತಾಳೆ. ಅವಳ ಆ ಸ್ಥಿತಿಗೆ ಗ್ರಂಥ ಬಳಸುವ ಪದ ‘ಕಾಮುಗಕಾರಿ’, ಅಂದರೆ ದೇವರು ಮೇಲೆ ಬರುವುದು. ಅದೇ ಗ್ರಂಥದಲ್ಲಿ ಜಿಂಗು ರಾಣಿಯ ಪ್ರಸಂಗವೂ ಇದೆ. ಚಕ್ರವರ್ತಿ ತಂತಿವಾದ್ಯ ನುಡಿಸುತ್ತಾನೆ, ರಾಣಿಯ ಮೈಮೇಲೆ ದೇವರು ಬರುತ್ತದೆ, ಮಂತ್ರಿ ತಾಕೆನೊಉಚಿ ಪ್ರಶ್ನೆ ಕೇಳಿ ನುಡಿಯನ್ನು ಪಡೆಯುತ್ತಾನೆ. ನುಡಿಯನ್ನು ನಂಬದೆ ವಾದ್ಯವನ್ನು ಬದಿಗೆ ತಳ್ಳಿದ ಚಕ್ರವರ್ತಿ ಅಲ್ಲಿಯೇ ಅಸುನೀಗುತ್ತಾನೆ. ರಾಣಿಯನ್ನು ಕೊಜಿಕಿ ‘ಮಿಕೋ’ ಎಂದು ಕರೆಯುವುದಿಲ್ಲ, ನಿಜ. ಆದರೆ ವಾದ್ಯ, ಆವೇಶ, ಪ್ರಶ್ನೆ ಎಂಬ ಈ ಮೂರರ ಕ್ರಮವೇ ಮುಂದೆ ಮಿಕೋಗಳ ಆಚರಣೆಯಲ್ಲಿ ಕಾಣುತ್ತದೆ. ತೊಡೆಯ ಮೇಲೆ ತಲೆಯಿರಿಸಿಕೊಂಡು ಕೇಳಿದ ಕನೆಇಯೆ ಕುಳಿತದ್ದು ಆ ಮಂತ್ರಿಯ ಸ್ಥಾನದಲ್ಲಿಯೇ.

ಹನ್ನೊಂದನೆಯ ಶತಮಾನದಲ್ಲಿ ಫುಜಿವಾರ ನೊ ಅಕಿಹಿರ ಬರೆದ ‘ಶಿನ್ ಸಾರುಗಾಕು ಕಿ’ ಎಂಬ ವಿನೋದಕೃತಿ ಒಂದು ಕುಟುಂಬದ ಹೆಣ್ಣುಮಕ್ಕಳನ್ನೂ ಅಳಿಯಂದಿರನ್ನೂ ಒಬ್ಬೊಬ್ಬರನ್ನಾಗಿ ಪರಿಚಯಿಸುತ್ತದೆ. ಅವರಲ್ಲಿ ನಾಲ್ಕನೆಯ ಮಗಳು ಮಿಕೋ. ಶಕುನ ಹೇಳುವುದು, ದೇವರ ಮುಂದೆ ಹಾಡಿ ಕುಣಿಯುವುದು, ಬಿಲ್ಲಿನ ಹೆದೆ ಮೀಟುವುದು, ಸತ್ತವರ ಮಾತನ್ನು ತನ್ನ ಬಾಯಿಂದ ನುಡಿಯುವುದು ಇವೆಲ್ಲದರಲ್ಲಿಯೂ ಅವಳು ನಿಪುಣೆ ಎಂದು ಲೇಖಕ ಹೇಳುತ್ತಾನೆ. ಕುಣಿತ ಮತ್ತು ಕಾರಣಿಕ ಎರಡೂ ಒಬ್ಬಳಲ್ಲಿಯೇ ಇವೆ. ಅಷ್ಟೇ ಅಲ್ಲ, ಅವಳು ಗಂಡನುಳ್ಳವಳು. ಮುಂದೆ ‘ಅವೊಯಿ ನೊ ಉಎ’ ಎಂಬ ನೋ ನಾಟಕದಲ್ಲಿ ತೆರುಹಿ ಎಂಬ ಮಿಕೋ ಅಜುಸ ಮರದ ಬಿಲ್ಲಿನ ಹೆದೆಯನ್ನು ಮೀಟಿ, ರೋಗಿಯನ್ನು ಕಾಡುತ್ತಿರುವ ಪ್ರೇತ ಯಾರದೆಂದು ಹೊರಗೆಳೆಯುತ್ತಾಳೆ. ಅದನ್ನು ಅಡಗಿಸಲು ಅನಂತರ ಬರುವವನು ಬೆಟ್ಟದ ತಪಸ್ವಿ. ಕಾಣದುದನ್ನು ಕಾಣಿಸುವ ಕೆಲಸ ಮಾತ್ರ ಮಿಕೋವಿನದು. ಅವಳಿಲ್ಲದೆ ತಪಸ್ವಿಗೆ ಶತ್ರು ಯಾರೆಂದೇ ತಿಳಿಯದು.

ಹಾಗಾದರೆ ಈ ನುಡಿಯುವ ಹೆಂಗಸು ಇಂದಿನ ಮೌನಿಯಾದ ತರುಣಿಯಾದುದು ಹೇಗೆ? ೧೮೬೮ರಲ್ಲಿ ಮೇಜಿ ಸರಕಾರ ಶಿಂತೋ ಕ್ಷೇತ್ರಗಳನ್ನು ಬೌದ್ಧಧರ್ಮದಿಂದ ಬೇರ್ಪಡಿಸಿತು. ೧೮೭೧ರಲ್ಲಿ ಅವುಗಳನ್ನು ರಾಷ್ಟ್ರದ ವಿಧಿಗಳ ಸ್ಥಾನವೆಂದು ಸಾರಿ, ವಂಶಪಾರಂಪರ್ಯವಾಗಿ ಬಂದಿದ್ದ ಅರ್ಚಕ ಹುದ್ದೆಗಳನ್ನು ರದ್ದುಮಾಡಿತು. ಅನೇಕ ಮಿಕೋ ಮನೆತನಗಳ ನೆಲೆ ಅಲ್ಲಿಗೆ ಕುಸಿಯಿತು. ೧೮೭೨ರಲ್ಲಿ ಬೆಟ್ಟದ ತಪಸ್ವಿಗಳ ಶುಗೆಂದೋ ಪಂಥವನ್ನು ನಿಷೇಧಿಸಲಾಯಿತು. ಹಳ್ಳಿಗಳಲ್ಲಿ ತಪಸ್ವಿ ಮತ್ತು ಮಿಕೋ ಕೂಡಿ ನಡೆಸುತ್ತಿದ್ದ ಆಚರಣೆ ಇದರಿಂದ ಮುರಿಯಿತು. ೧೮೭೩ರ ಜನವರಿಯಲ್ಲಿ ಧಾರ್ಮಿಕ ಶಿಕ್ಷಣ ಇಲಾಖೆಯ ಆಜ್ಞೆ ಹೊರಟಿತು. ಬಿಲ್ಲು ಮೀಟಿ ನುಡಿಯುವ ಮಿಕೋಗಳು, ಇಚಿಕೋಗಳು, ಆವೇಶದ ಪ್ರಾರ್ಥನೆ, ನರಿಯ ಭೂತ ಇಳಿಸುವುದು ಮೊದಲಾದವು ಜನರನ್ನು ದಾರಿ ತಪ್ಪಿಸುತ್ತವೆಂದು ಹೇಳಿ ಅವೆಲ್ಲವನ್ನೂ ಅದು ನಿಷೇಧಿಸಿತು. ನಾಗರಿಕ ರಾಷ್ಟ್ರವೆಂದು ಪಶ್ಚಿಮದ ಮುಂದೆ ನಿಲ್ಲಬಯಸಿದ ರಾಜ್ಯಕ್ಕೆ, ಅಪ್ಪಣೆಯಿಲ್ಲದೆ ದೇವರ ಪರವಾಗಿ ಮಾತನಾಡುವ ಹೆಂಗಸರು ಬೇಡವಾಗಿದ್ದರು. ಹೀಗೆ ಕುಣಿತ ಮತ್ತು ಕಾರಣಿಕ ಎಂಬ ಎರಡು ಎಳೆಗಳಲ್ಲಿ ಕಾರಣಿಕವನ್ನು ಕಾನೂನು ಕತ್ತರಿಸಿತು, ಉಳಿದುದು ಕುಣಿತ. ನಾರಾದ ಕಸುಗ ಕ್ಷೇತ್ರದಲ್ಲಿ ಮಿಕೋಗಳ ಕಾಗುರ ನೃತ್ಯ ಮೇಜಿ ಕಾಲದಲ್ಲಿ ಪರಿಷ್ಕೃತವಾಗಿ ಮುಂದುವರಿಯಿತು. ಇಂದು ಜಪಾನಿನ ಉದ್ದಗಲಕ್ಕೂ ಮಿಕೋಗಳು ಆಡುವ ‘ಉರಾಯಾಸು ನೊ ಮಾಯಿ’ ನೃತ್ಯವನ್ನು ಆಸ್ಥಾನದ ಸಂಗೀತಗಾರ ಓನೊ ತಾದತೊಮೊ ಸಂಯೋಜಿಸಿದುದು ೧೯೪೦ರಲ್ಲಿ, ಸಾಮ್ರಾಜ್ಯದ ೨೬೦೦ನೆಯ ವರ್ಷದ ಉತ್ಸವಕ್ಕಾಗಿ. ಅದನ್ನು ನೋಡುವ ಪ್ರವಾಸಿಗೆ ಸಾವಿರಾರು ವರ್ಷಗಳ ಪರಂಪರೆ ಕಂಡಂತಾಗುತ್ತದೆ. ವಾಸ್ತವವಾಗಿ ಅದಕ್ಕೆ ಇನ್ನೂ ನೂರು ತುಂಬಿಲ್ಲ.

ಇದಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು. ಪದದ ಅರ್ಥ ಬಳಕೆಯಿಂದ ನಿಶ್ಚಿತವಾಗುತ್ತದೆ. ಇಂದು ‘ಮಿಕೋ’ ಎಂದರೆ ಅರ್ಚಕರಿಗೆ ನೆರವಾಗುವ, ತಾಯಿತ ಮಾರುವ, ಉತ್ಸವದಲ್ಲಿ ಕುಣಿಯುವ ತರುಣಿಯೇ. ಹೊಸವರ್ಷದ ಜನಸಂದಣಿಯಲ್ಲಿ ಕಾಲೇಜು ವಿದ್ಯಾರ್ಥಿನಿಯರೂ ಕೆಲವು ದಿನಗಳ ಮಟ್ಟಿಗೆ ಮಿಕೋಗಳಾಗುತ್ತಾರೆ. ಹೀಗಿರುವಾಗ ‘ಶ್ರೈನ್ ಮೇಡನ್’ ಎಂಬುದರಲ್ಲಿ ತಪ್ಪೇನು? ಇಂದಿನ ದೇಗುಲವನ್ನು ವರ್ಣಿಸುವ ಬರಹಕ್ಕೆ ಈ ವಾದ ಸರಿಯೇ. ಆ ತರುಣಿಯರ ಸೇವೆಯನ್ನು ಹುಸಿಯೆಂದು ಹಳಿಯುವ ಅಧಿಕಾರವೂ ಯಾರಿಗೂ ಇಲ್ಲ. ತೊಡಕು ಹುಟ್ಟುವುದು ಇಂದಿನ ಅರ್ಥವನ್ನು ಹಿಂದಿನ ಗ್ರಂಥಕ್ಕೆ ಹೊದಿಸಿದಾಗ. ೧೮೭೩ರ ಆಜ್ಞೆ ನಿಷೇಧಿಸಿದುದು ಒಂದು ವೃತ್ತಿಯನ್ನು. ಅನುವಾದಕ ಅದೇ ಅರ್ಥವನ್ನು ಹನ್ನೊಂದನೆಯ ಶತಮಾನಕ್ಕೆ ಒಯ್ದರೆ, ಆ ಆಜ್ಞೆ ಮುಟ್ಟಲಾಗದಿದ್ದ ಗ್ರಂಥಗಳಲ್ಲಿಯೂ ಅದನ್ನು ಜಾರಿಗೆ ತಂದಂತಾಗುತ್ತದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪೂ ಉಂಟು. ಯಾನಗಿತ ಕುನಿಓ ೧೯೧೩-೧೪ರಲ್ಲಿ ಪ್ರಕಟಿಸಿದ ‘ಮಿಕೋ ಕೋ’ ಲೇಖನಮಾಲೆಯಲ್ಲಿ ದೇಗುಲದ ಮಿಕೋ ಮತ್ತು ಊರೂರು ಅಲೆದು ನುಡಿಯುವ ಮಿಕೋ ಎಂಬ ಎರಡು ಬಗೆಗಳನ್ನು ಗುರುತಿಸಿ, ಎರಡರ ಮೂಲವೂ ಒಂದೇ ಎಂದು ವಾದಿಸಿದರು. ನಾಕಾಯಾಮ ತಾರೋ ೧೯೩೦ರಲ್ಲಿ ಜಪಾನಿನ ಮಿಕೋಗಳ ಬೃಹತ್ ಚರಿತ್ರೆಯನ್ನೇ ಬರೆದರು. ೧೯೭೫ರಲ್ಲಿ ‘ದಿ ಕಟಾಲ್ಪಾ ಬೋ’ ಬರೆದ ಕಾರ್ಮೆನ್ ಬ್ಲ್ಯಾಕರ್ ಅವರ ಕಣ್ಣಿಗೆ ಇಂದಿನ ದೇಗುಲದ ಮಿಕೋ ಪುರಾತನ ದೇವವಾಣಿಯ ಮಸುಕಾದ ಅವಶೇಷ. ಈ ಅಧ್ಯಯನಗಳ ಉಪಕಾರ ದೊಡ್ಡದು. ಆದರೆ ಇವುಗಳನ್ನು ಆತುರದಲ್ಲಿ ಓದಿದವರಿಗೆ ‘ಆದಿಯಲ್ಲಿ ರಾಣಿ, ಮಧ್ಯದಲ್ಲಿ ಅಲೆಮಾರಿ, ಕೊನೆಯಲ್ಲಿ ಸೇವಕಿ’ ಎಂಬ ನೇರವಾದ ಪತನದ ಕಥೆ ಸಿಕ್ಕಿಬಿಡುತ್ತದೆ. ಲೋರಿ ಮೀಕ್ಸ್ ೨೦೧೧ರ ಲೇಖನದಲ್ಲಿ ಈ ಬಗೆಯ ಕಥನವನ್ನು ಮರುಪರಿಶೀಲನೆಗೆ ಒಡ್ಡಿ, ಮಧ್ಯಯುಗದ ಧಾರ್ಮಿಕ ಜೀವನದಲ್ಲಿ ಮಿಕೋಗಳ ಸ್ಥಾನ ಸಣ್ಣದಲ್ಲವೆಂದು ತೋರಿಸಿದ್ದಾರೆ. ಕನೆಇಯೆಯ ತೊಡೆಯ ಮೇಲೆ ತಲೆಯಿಟ್ಟವಳೂ ಅಕಿಹಿರನ ಕೃತಿಯ ನಾಲ್ಕನೆಯ ಮಗಳೂ ಪತನಗೊಂಡ ಹೆಂಗಸರಲ್ಲ. ತಮ್ಮ ವೃತ್ತಿಯ ಕಸುವಿನಲ್ಲಿ ಇದ್ದವರು. ‘ಸನಾತನ ಕನ್ಯೆ’ ಎಂಬುದು ಎಷ್ಟು ಕಲ್ಪಿತವೋ ‘ಪತಿತ ದೇವವಾಣಿ’ ಎಂಬುದೂ ಅಷ್ಟೇ ಕಲ್ಪಿತ.

ಕನ್ನಡದಲ್ಲಿ ಈ ಪದವನ್ನು ಏನೆಂದು ಹೇಳಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ‘ದೇವದಾಸಿ’ ಎಂಬುದು ಸುಲಭವಾಗಿ ನಾಲಿಗೆಗೆ ಬರುವ ಪದ. ಆದರೆ ಅದು ಎರಡು ಕಾರಣಗಳಿಂದ ಸಲ್ಲದು. ‘ದಾಸಿ’ ಎಂಬ ಅರ್ಥ ‘ಪೂಜ್ಯವಾದ ಮಗು’ ಎಂಬುದಕ್ಕೆ ಎದುರಾದುದು. ಜೊತೆಗೆ ದೇವರಿಗೆ ಬಿಡುವ ಪದ್ಧತಿಯ ಯಾತನೆಯನ್ನೂ ೧೯೮೨ರ ಕರ್ನಾಟಕದ ನಿಷೇಧ ಕಾನೂನಿನ ಹಿನ್ನೆಲೆಯನ್ನೂ ಆ ಪದ ಹೊತ್ತಿದೆ. ಅದನ್ನು ಬೇರೊಂದು ನಾಡಿನ ಇತಿಹಾಸದ ಮೇಲೆ ಹೇರಿದರೆ ಎರಡು ಇತಿಹಾಸಗಳಿಗೂ ಅನ್ಯಾಯ. ಹಳೆಯ ಗ್ರಂಥಗಳ ಮಿಕೋವಿಗೆ ಕರಾವಳಿಯ ‘ಪಾತ್ರಿ’ ಎಂಬ ಪದ ಹೆಚ್ಚು ಹತ್ತಿರ. ದೇವರು ಬಂದು ತುಂಬಿಕೊಳ್ಳುವ, ದರ್ಶನದಲ್ಲಿ ನುಡಿ ಕೊಡುವ ವ್ಯಕ್ತಿ ಎಂಬ ಅರ್ಥ ಅದರಲ್ಲಿದೆ. ಆದರೆ ಪಾತ್ರಿ ಎಂದರೆ ಸಾಮಾನ್ಯವಾಗಿ ಗಂಡಸು. ಅದನ್ನೇ ಅನುವಾದವಾಗಿ ಇಟ್ಟರೆ, ವಿಶೇಷಣವಿಲ್ಲದೆ ಹೆಣ್ಣನ್ನೇ ಸೂಚಿಸಿದ ‘ಕಾಮುನಾಕಿ’ಯ ಸೂಕ್ಷ್ಮ ಅಳಿಸಿಹೋಗುತ್ತದೆ. ಆದುದರಿಂದ ‘ಮಿಕೋ’ ಎಂಬ ಮೂಲಪದವನ್ನೇ ಉಳಿಸಿಕೊಂಡು, ಗ್ರಂಥದ ಕಾಲಕ್ಕೆ ಅನುಗುಣವಾಗಿ ಅರ್ಥ ಹೇಳುವುದು ಲೇಸು. ಹೆಯಾನ್ ಕಾಲದ ಕೃತಿಯಲ್ಲಿ ‘ದೇವರ ನುಡಿ ನುಡಿಯುವವಳು’, ಇಸೆಯ ಪ್ರಸಂಗದಲ್ಲಿ ‘ರಾಜಕುಮಾರಿ’, ಇಂದಿನ ಕಾದಂಬರಿಯಲ್ಲಿ ‘ದೇಗುಲದ ಸಹಾಯಕಿ’ ಎಂದು ವಿವರಿಸಿದರೆ ಓದುಗರಿಗೆ ಗೊಂದಲವಾಗದು. ಒಂದೇ ಪದ ಎಷ್ಟು ದೂರ ನಡೆದು ಬಂದಿದೆ ಎಂಬುದೂ ಅವರಿಗೆ ಗೋಚರವಾಗುತ್ತದೆ.

ಉಚಿಫುಶಿ ಎಂಬ ಹೆಂಗಸಿನ ನಿಜವಾದ ಹೆಸರನ್ನು ಓಕಾಗಾಮಿ ಹೇಳುವುದಿಲ್ಲ. ಅವಳ ಕುಲ, ಊರು, ಮುಂದಿನ ಬದುಕು ಯಾವುದೂ ಅಲ್ಲಿಲ್ಲ. ಅವಳು ಮಲಗಿ ನುಡಿದಳು, ದೇಶದ ಅತ್ಯಂತ ಬಲಿಷ್ಠನಾದವನು ಉಡುಪು ತೊಟ್ಟು ಕೇಳಿದನು ಎಂಬಿಷ್ಟೇ ಅವಳ ಚರಿತ್ರೆ. ಅಷ್ಟನ್ನೂ ಹೊತ್ತು ತಂದಿರುವುದು ‘ಮಿಕೋ’ ಎಂಬ ಒಂದು ಪದ. ಅದನ್ನು ‘ಕನ್ಯೆ’ ಎಂದು ತಿರುಗಿಸುವಾಗ ಅನುವಾದಕರ ಕೈ ಒಂದು ಕ್ಷಣ ತಡೆಯಬೇಕು.